ಅಂಗಳದಿಂದ ಅಂಗಳಕ್ಕೆ: ಹಾಲಕ್ಕಿ ಸುಗ್ಗಿ ಕುಣಿತವನ್ನು ಅಳೆಯುವ ಬಗೆ

ಉತ್ಸವಗಳ ವೇದಿಕೆಯಲ್ಲಿ ಹಾಲಕ್ಕಿ ಸುಗ್ಗಿ ತಂಡಕ್ಕೆ ಸಿಗುವುದು ಹೆಚ್ಚೆಂದರೆ ಹತ್ತು ನಿಮಿಷ. ತಲೆಯ ಮೇಲೆ ಹೂಗೊಂಚಲಿನಂತೆ ಎದ್ದು ನಿಂತ ತುರಾಯಿ, ಉದ್ದನೆಯ ನಿಲುವಂಗಿ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ನವಿಲುಗರಿಯ ಕುಂಚ, ಕಾಲಲ್ಲಿ ಗೆಜ್ಜೆ. ತಂಡ ನಾಲ್ಕು ಸುತ್ತು ಕುಣಿಯುತ್ತದೆ, ಗುಮಟೆ ವಾದ್ಯ ನಿಲ್ಲುತ್ತದೆ, ನಿರೂಪಕರು ಮುಂದಿನ ತಂಡದ ಹೆಸರು ಕೂಗುತ್ತಾರೆ. ನೋಡಿದವರಲ್ಲಿ ಹೆಚ್ಚಿನವರು ಹೇಳುವ ಮಾತು ಒಂದೇ: ವೇಷ ಚೆಂದ, ಕುಣಿತ ಮಾತ್ರ ಹೇಳಿದ್ದನ್ನೇ ಹೇಳಿದ ಹಾಗೆ. ಜಾನಪದ ಬಲ್ಲವರೂ ಈ ಮಾತಾಡಿದ್ದನ್ನು ಕೇಳಿದ್ದೇನೆ. ಅವರು ಕಂಡದ್ದು ಸುಳ್ಳಲ್ಲ. ಆದರೆ ಅವರು ಕಂಡದ್ದು ಸುಗ್ಗಿಯ ಒಂದು ತುಣುಕನ್ನು. ಸುಗ್ಗಿಯ ಶಿಲ್ಪ ಆ ತುಣುಕಿನಲ್ಲಿಲ್ಲ.

ಹಾಲಕ್ಕಿ ಒಕ್ಕಲಿಗರು ಉತ್ತರ ಕನ್ನಡದ ಕರಾವಳಿಯವರು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಗದ್ದೆಬಯಲು, ಗುಡ್ಡದ ಬುಡ, ನದೀಮುಖದ ಅಂಚುಗಳಲ್ಲಿ ಅವರ ಕೊಪ್ಪಗಳು, ಅಂದರೆ ಕೇರಿಗಳು, ಇವೆ. ಕೊಪ್ಪಕ್ಕೊಬ್ಬ ಊರಗೌಡ, ಅವನಿಗೆ ಸಲಹೆಗಾರನಾಗಿ ಬುದವಂತ, ಸುದ್ದಿ ಮುಟ್ಟಿಸಲು ಕೋಲಕಾರ. ಕೊಪ್ಪಗಳು ಸೇರಿ ಸೀಮೆ. ಅಂಕೋಲೆ, ಗೋಕರ್ಣ, ಮಿರ್ಜಾನ, ಚಂದಾವರ ಇವೆಲ್ಲ ಅಂಥ ಸೀಮೆಗಳು. ಸುಗ್ಗಿ ಹಾಲಕ್ಕಿಗಳಿಗಷ್ಟೇ ಸೇರಿದ್ದಲ್ಲ. ಗಾಮೊಕ್ಕಲು, ಕೋಮಾರಪಂತರು ಮೊದಲಾದವರೂ ಸುಗ್ಗಿ ಕಟ್ಟುತ್ತಾರೆ. ಆದರೂ ಈ ಕುಣಿತವನ್ನು ಕೊಪ್ಪದ ಆಡಳಿತದೊಂದಿಗೆ ಇಷ್ಟು ಬಿಗಿಯಾಗಿ ಹೆಣೆದವರು ಹಾಲಕ್ಕಿಗಳೇ. ಗೌಡನ ಅಪ್ಪಣೆಯಿಲ್ಲದೆ ಸುಗ್ಗಿ ಹೊರಡುವುದಿಲ್ಲ. ಯಾರು ತುರಾಯಿ ಕಟ್ಟಬೇಕು, ಮೇಳ ಯಾವ ಮನೆಯಿಂದ ಶುರುಮಾಡಬೇಕು, ಇನ್ನೊಂದು ಕೊಪ್ಪದ ಗಡಿ ದಾಟುವಾಗ ಯಾರಿಗೆ ತಿಳಿಸಬೇಕು, ಎಲ್ಲಕ್ಕೂ ಕಟ್ಟಳೆಯಿದೆ.

ಕಾಲದ ಲೆಕ್ಕವನ್ನೂ ಗಮನಿಸಬೇಕು. ಕರಾವಳಿಯ ಮುಖ್ಯ ಬೆಳೆ ಕೊಯ್ಲಾಗುವುದು ದೀಪಾವಳಿಯ ಆಚೀಚೆ. ಸುಗ್ಗಿ ಕುಣಿತ ನಡೆಯುವುದು ಫಾಲ್ಗುಣದಲ್ಲಿ, ಹೋಳಿ ಹುಣ್ಣಿಮೆಗೆ ಮುಂಚಿನ ದಿನಗಳಲ್ಲಿ. ನಡುವೆ ಒಕ್ಕಣೆ ಮುಗಿದಿರುತ್ತದೆ, ಹುಲ್ಲು ಬಣವೆಯಾಗಿರುತ್ತದೆ, ಅಕ್ಕಿ ಮುಡೆ ಕಟ್ಟಿರುತ್ತದೆ, ಹಿಂದಿನ ಕಾಲದಲ್ಲಾದರೆ ಒಡೆಯನ ಗೇಣಿಯೂ ಸಂದಾಯವಾಗಿರುತ್ತಿತ್ತು. ಆದ್ದರಿಂದ ಇದನ್ನು ಕೊಯ್ಲಿನ ಸಂಭ್ರಮ ಎಂದಷ್ಟೇ ಕರೆದರೆ ಸಾಲದು. ಒಂದು ವರ್ಷದ ದುಡಿಮೆಯ ಲೆಕ್ಕ ತೀರಿಸಿ, ಮಳೆಗಾಲದ ಕೆಲಸ ಇನ್ನೂ ದೂರವಿರುವಾಗ ಸಿಗುವ ಬಿಡುವಿನಲ್ಲಿ ಕೊಪ್ಪವೊಂದು ಹೊರಲೋಕಕ್ಕೆ ತನ್ನ ಮುಖ ತೋರಿಸಲು ಹೊರಡುವ ಕ್ರಮ ಇದು.

ಹೊರಡುವುದು ಎಂಬುದೇ ಇಲ್ಲಿ ಜೀವಾಳ. ದೈವದೆದುರು, ಗೌಡನ ಮನೆಯ ತುಳಸಿಕಟ್ಟೆಯೆದುರು ಸುಗ್ಗಿ ಕಟ್ಟಿದ ಮೇಲೆ ಮೇಳದವರು ವ್ರತಸ್ಥರು. ಹಲವು ಕೊಪ್ಪಗಳಲ್ಲಿ ಅವರು ಚಪ್ಪಲಿ ಮೆಟ್ಟುವುದಿಲ್ಲ, ಸುಗ್ಗಿ ಬಿಚ್ಚುವವರೆಗೆ ಸ್ವಂತ ಮನೆಯಲ್ಲಿ ಉಳಿಯುವುದಿಲ್ಲ. ಹಗಲಿಡೀ ಮನೆಯಿಂದ ಮನೆಗೆ ನಡೆಯುತ್ತಾರೆ. ಪ್ರತಿ ಅಂಗಳದಲ್ಲಿ ಆರತಿ, ಅಕ್ಕಿ, ತೆಂಗಿನಕಾಯಿ, ವೀಳ್ಯ; ಪ್ರತಿ ಅಂಗಳದಲ್ಲಿ ಹಾಡಿ ಹರಸುವುದು, ಕುಣಿಯುವುದು, ಮುಂದಿನ ಮನೆಗೆ ಹೊರಡುವುದು. ವೇದಿಕೆಯ ಕೆಳಗೆ ಕೂತವರಿಗೆ ಪುನರುಕ್ತಿಯಾಗಿ ಕಾಣುವ ಹೆಜ್ಜೆಯ ಗುಟ್ಟು ಇರುವುದು ಇಲ್ಲಿ. ಕುಣಿತ ಒಬ್ಬನೇ ನೋಡುಗನಿಗಾಗಿ ಬೆಳೆಯುತ್ತಾ ಹೋಗುವುದಿಲ್ಲ. ಪ್ರತಿ ಮನೆಗೂ ಅದು ಮೊದಲನೆಯದೇ, ಪ್ರತಿ ಮನೆಗೂ ಪೂರ್ತಿಯಾಗಿ ಸಲ್ಲಬೇಕು. ಗೌಡನ ಮನೆಗೆ ಸಂದ ಸುತ್ತು ಕೊನೆಯ ಬಿಡಾರದ ವಿಧವೆಯ ಅಂಗಳಕ್ಕೂ ಸಲ್ಲಬೇಕು. ಸುತ್ತುಗಳು ಒಂದೇ ತೆರನಾಗಿರುವುದು ಕಲ್ಪನೆಯ ಬಡತನದಿಂದಲ್ಲ, ನ್ಯಾಯದ ಒಂದು ತಿಳಿವಳಿಕೆಯಿಂದ.

ಹಾಗೆಂದು ಒಳಗೆ ವೈವಿಧ್ಯವಿಲ್ಲವೆಂದಲ್ಲ. ತುರಾಯಿಯ ಭಾರವನ್ನೇ ತೆಗೆದುಕೊಳ್ಳಿ. ಬಿದಿರಿನ ಸೀಳು, ಬೆಂಡು, ಬಣ್ಣದ ಕಾಗದಗಳ ಹೂವು ಹಕ್ಕಿಗಳನ್ನು ಹೊತ್ತ ಮುಂಡಾಸು ತಲೆಯ ಮೇಲಿರುವಾಗ ಕತ್ತು ಸ್ವತಂತ್ರವಲ್ಲ. ತಲೆ ನೆಟ್ಟಗಿರಬೇಕು, ನೋಟ ಸಮವಾಗಿರಬೇಕು. ಹೀಗೆ ಮೇಲೆ ಕಟ್ಟಿಹಾಕಿದ್ದು ಕೆಳಗೆ ಬಿಡುಗಡೆಯಾಗುತ್ತದೆ: ಮಂಡಿ, ಸೊಂಟ, ಹಿಮ್ಮಡಿಗಳಲ್ಲಿ. ಬಾಗುವುದು, ಥಟ್ಟನೆ ತಿರುಗುವುದು, ಪಕ್ಕದವನ ಕೋಲಿಗೆ ಕೋಲು ತಾಗಿಸಿ ಹಿಂದೆ ಸರಿಯುವುದು, ಇವೆಲ್ಲ ನಡೆಯುವಾಗಲೂ ತುರಾಯಿಗಳ ಸಾಲು ಒಂದೇ ಮಟ್ಟದಲ್ಲಿ ತೇಲುತ್ತದೆ. ಗದ್ದೆಯ ಕೆಸರಿನಲ್ಲಿ ತಲೆಹೊರೆ ಹೊತ್ತು ನಡೆದು ಅಭ್ಯಾಸವಾದ ಮೈಗೆ ಈ ಸಮತೋಲ ಹೊಸದಲ್ಲ. ಹೊರಗಿನ ನೃತ್ಯ ಶಿಕ್ಷಕರು ಸುಗ್ಗಿಯನ್ನು ಕಾಲೇಜು ಸ್ಪರ್ಧೆಗೆ ತಯಾರು ಮಾಡುವಾಗ ತುರಾಯಿಯನ್ನು ಹಗುರಗೊಳಿಸಿ ತಲೆಯನ್ನೂ ಕುಣಿಸುತ್ತಾರೆ. ನನ್ನ ಮಟ್ಟಿಗೆ ಆ ಕ್ಷಣದಲ್ಲಿ ಅದು ಬೇರೆಯೇ ಕುಣಿತ.

ಗುಮಟೆಯ ಕಥೆ ಇನ್ನೂ ಸೂಕ್ಷ್ಮ. ಎರಡು ಬಾಯಿಯ ಮಣ್ಣಿನ ಗಡಿಗೆ. ಅಗಲ ಬಾಯಿಗೆ ಚರ್ಮ, ಕಿರಿದಾದ ಬಾಯಿ ಬಯಲು. ಕೊರಳಿಗೆ ನೇತುಹಾಕಿ ಒಂದು ಕೈಯಲ್ಲಿ ಬಾರಿಸುತ್ತಾ, ಬಯಲು ಬಾಯನ್ನು ಇನ್ನೊಂದು ಕೈಯಿಂದ ಮುಚ್ಚಿ ತೆರೆದು ನಾದವನ್ನು ಏರಿಳಿಸುತ್ತಾರೆ. ಹಿಂದೆ ಅದಕ್ಕೆ ಉಡದ ಚರ್ಮ ಕಟ್ಟುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಉಡ ಬಂದ ಮೇಲೆ ಆಡಿನ ಚರ್ಮಕ್ಕೆ ಹೊರಳಬೇಕಾಯಿತು. ಪಕ್ಕದ ಗೋವಾ 2019ರಲ್ಲಿ ಇದೇ ವಾದ್ಯವನ್ನು, ಅಲ್ಲಿನವರ ಘುಮಟವನ್ನು, ರಾಜ್ಯದ ಪಾರಂಪರಿಕ ವಾದ್ಯವೆಂದು ಘೋಷಿಸಿತು. ನಮ್ಮಲ್ಲಿ ಗುಮಟೆ ಮಾಡುವ ಕುಂಬಾರನಿಗೆ ಅಂಥ ಮಾನ್ಯತೆಯ ಮಾತಿರಲಿ, ಸಂಸ್ಕೃತಿ ಇಲಾಖೆಯ ಯೋಜನೆಗಳಲ್ಲಿ ಜಾಗವೇ ಇಲ್ಲ. ಕಲಾವಿದರಿಗೆ ಮಾಸಾಶನವಿದೆ, ವಾದ್ಯ ಮಾಡುವವರಿಗೆ ಏನೂ ಇಲ್ಲ. ಇದು ನನಗೆ ಸಿಟ್ಟು ಬರಿಸುವ ಸಂಗತಿ.

ಬರಹದ ಪರಂಪರೆಯೂ ಪೂರ್ತಿ ನ್ಯಾಯ ಮಾಡಿಲ್ಲ. 1883ರ ಬಾಂಬೆ ಪ್ರಾಂತದ ಗ್ಯಾಸೆಟಿಯರಿನ ಕೆನರಾ ಸಂಪುಟ ಹಾಲಕ್ಕಿಗಳನ್ನು ಜಾತಿಗಳ ಪಟ್ಟಿಯಲ್ಲಿಟ್ಟು ಉಡುಗೆ ತೊಡುಗೆ ಬಣ್ಣಿಸಿತು. ಆಮೇಲೆ ಎಲ್. ಆರ್. ಹೆಗಡೆ, ಎನ್. ಆರ್. ನಾಯಕ, ಶಾಂತಿ ನಾಯಕ ಅವರಂಥವರು ಈ ಜಿಲ್ಲೆಯ ಜಾನಪದಕ್ಕಾಗಿ ಬದುಕನ್ನೇ ತೆತ್ತರು. ಅವರು ಕೂಡಿಟ್ಟ ಹಾಡುಗಳಿಲ್ಲದಿದ್ದರೆ ಇವತ್ತು ಮಾತಾಡಲು ನಮ್ಮ ಬಳಿ ಹೆಚ್ಚೇನೂ ಇರುತ್ತಿರಲಿಲ್ಲ. ಆದರೆ ಕನ್ನಡ ಜಾನಪದ ಅಧ್ಯಯನ ಹುಟ್ಟಿದ್ದು ಸಾಹಿತ್ಯ ವಿಭಾಗಗಳ ಮಡಿಲಲ್ಲಿ. ಅದಕ್ಕೆ ಪದ ಸಿಕ್ಕರೆ ಸಾಕು, ಹೆಜ್ಜೆ ಪೀಠಿಕೆಯ ಒಂದು ಪುಟಕ್ಕೆ ಮುಗಿಯುತ್ತಿತ್ತು. ಸುಗ್ಗಿಯ ಹಾಡನ್ನು ಓದಿದವರಿಗೆ ಅದು ಯಾವ ತಿರುವಿನಲ್ಲಿ ನಿಲ್ಲುತ್ತದೆ, ಗುಮಟೆ ಎಲ್ಲಿ ಲಯ ಬದಲಿಸುತ್ತದೆ, ಕೋಲು ಯಾವ ಮಾತಿನ ಮೇಲೆ ಬೀಳುತ್ತದೆ ಎಂಬುದು ಗೊತ್ತಾಗುವುದಿಲ್ಲ. ಮುದ್ರಿತ ಪಠ್ಯದಲ್ಲಿ ಬೇಸರ ತರಿಸುವ ಪಲ್ಲವಿ ಕುಣಿಯುವವನಿಗೆ ಉಸಿರು ತೆಗೆದುಕೊಳ್ಳುವ ಜಾಗ. ಇದನ್ನು ದಾಖಲಿಸುವ ಕೆಲಸ ಇನ್ನೂ ಆಗಬೇಕಿದೆ, ಮತ್ತು ಅದು ಕೊಪ್ಪದ ಹುಡುಗರ ಕೈಯಿಂದಲೇ ಆಗುವುದು ಒಳ್ಳೆಯದು; ಹೆಜ್ಜೆಯ ಹೆಸರು, ಅದನ್ನು ಕಲಿಸಿದವರ ನೆನಪು ಎರಡೂ ಅವರ ಬಳಿಯಿವೆ.

ಬೇರೆ ನಾಡಿನ ಉದಾಹರಣೆಯೊಂದನ್ನು ಪಕ್ಕಕ್ಕಿಟ್ಟು ನೋಡಬಹುದು. ಮೇಘಾಲಯದ ಗಾರೋ ಜನರ ವಾಂಗಲಾ ಕೂಡ ಕೊಯ್ಲಿನ ಕುಣಿತ. ಬೆಳೆ ಕೊಟ್ಟ ಮಿಸಿ ಸಾಲ್ಜೊಂಗ್ ದೈವಕ್ಕೆ ಕೃತಜ್ಞತೆ ಸಲ್ಲಿಸುವುದು ಅದರ ಮೂಲ. ಗಾರೋಗಳಲ್ಲಿ ಬಹುಪಾಲು ಜನ ಕ್ರೈಸ್ತರಾದ ಮೇಲೆ ಹಳ್ಳಿಗಳಲ್ಲಿ ಆ ಆಚರಣೆ ತೆಳುವಾಯಿತು. 1976ರಲ್ಲಿ ತುರಾ ಸಮೀಪದ ಅಸನಾಂಗ್‌ನಲ್ಲಿ ನೂರು ಡೋಲುಗಳ ವಾಂಗಲಾ ಎಂಬ ದೊಡ್ಡ ಉತ್ಸವ ಶುರುವಾಯಿತು. ಇವತ್ತು ಹೊರಗಿನವರಿಗೆ ವಾಂಗಲಾ ಎಂದರೆ ಅದೇ. ಅಲ್ಲಿ ಬಯಲಿನ ಉತ್ಸವ ಅನಿವಾರ್ಯವಾಗಿತ್ತು, ಅದು ಒಂದು ಜನಾಂಗಕ್ಕೆ ತನ್ನ ಗುರುತನ್ನು ಮರಳಿ ಕೊಟ್ಟಿತು. ಹಾಲಕ್ಕಿಗಳ ಸ್ಥಿತಿ ಹಾಗಿಲ್ಲ. ಇಲ್ಲಿ ದೈವ ಇದೆ, ಗೌಡನಿದ್ದಾನೆ, ಆರತಿ ಹಿಡಿದು ಕಾಯುವ ಮನೆಗಳಿವೆ. ಕಾರವಾರದ ಕರಾವಳಿ ಉತ್ಸವವೋ ಮೈಸೂರಿನ ದಸರೆಯೋ ಸುಗ್ಗಿಯನ್ನು ಉಳಿಸುತ್ತಿವೆ ಎಂಬ ಮಾತನ್ನು ನಾನು ಒಪ್ಪಲಾರೆ. ಅವು ಅದಕ್ಕೆ ಹೆಸರು ಕೊಟ್ಟಿವೆ, ಸಂಭಾವನೆ ಕೊಟ್ಟಿವೆ; ಎರಡೂ ಬೇಕಾದವೇ. ಉಳಿಸುತ್ತಿರುವವರು ಆರತಿ ಹಿಡಿದವರು.

ಆದರೆ ಅಂಗಳವನ್ನು ಹೊಗಳುವಾಗ ಎಚ್ಚರವೂ ಬೇಕು. ಒಂದು ಕಾಲಕ್ಕೆ ಆ ಅಂಗಳಗಳಲ್ಲಿ ದೊಡ್ಡವು ಜಮೀನ್ದಾರರವು. ಗೇಣಿ ಅಳೆದುಕೊಟ್ಟ ಒಕ್ಕಲೇ ಒಡೆಯನ ಮನೆಯೆದುರು ಕುಣಿದು ಅವನ ಭಾಗ್ಯ ಹೆಚ್ಚಲೆಂದು ಹಾಡಬೇಕಿತ್ತು. ಆ ಹರಕೆಯಲ್ಲಿ ಪ್ರೀತಿ ಎಷ್ಟು, ಹಂಗು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ದಿನಕರ ದೇಸಾಯಿಯವರ ರೈತ ಚಳವಳಿ ಈ ಜಿಲ್ಲೆಯ ಗೇಣಿದಾರರ ಬೆನ್ನು ನೆಟ್ಟಗೆ ಮಾಡಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಹಲವರಿಗೆ ಭೂಮಿಯ ಹಕ್ಕು ಕೊಟ್ಟಿತು. ಅದೇ ಹಾಡು ಈಗ ಸ್ವಂತ ಗದ್ದೆಯವನ ಬಾಯಲ್ಲಿ ಬೇರೆ ಅರ್ಥ ಪಡೆದಿದೆ. ಅಂಕೋಲೆಯ ತಾಲ್ಲೂಕು ಕಚೇರಿಯ ಎದುರು ಬೆಳಂಬಾರದ ಸುಗ್ಗಿ ಬಂದು ಕುಣಿಯುವ ರೂಢಿಯಿದೆ. ಅಧಿಕಾರದ ಅಂಗಳಕ್ಕೂ ಸುಗ್ಗಿ ಹೋಗುತ್ತದೆ, ಮರ್ಯಾದೆ ಪಡೆದು ಬರುತ್ತದೆ. ಹಗಲು ಹೀಗೆ ಗೌರವ ಕೊಟ್ಟ ಜನ ಸುಗ್ಗಿಯ ಕೊನೆಯ ಹಂತದ ಹಗರಣವೆಂಬ ಅಣಕದಾಟದಲ್ಲಿ ಅಧಿಕಾರಿ, ಸಾಹುಕಾರ, ವೈದ್ಯ, ರಾಜಕಾರಣಿ ಯಾರನ್ನೂ ಬಿಡದೆ ವೇಷ ಕಟ್ಟಿ ಗೇಲಿ ಮಾಡುತ್ತಾರೆ. ಹರಸುವ ಕುಣಿತ, ಹಂಗಿಸುವ ಹಗರಣ ಎರಡನ್ನೂ ಒಟ್ಟಿಗೆ ನೋಡಿದವರಿಗೆ ಮಾತ್ರ ಈ ಜನರ ಮನಸ್ಸು ಪೂರ್ತಿ ತಿಳಿದೀತು. ಉತ್ಸವಗಳಿಗೆ ಕುಣಿತವನ್ನು ಮಾತ್ರ ಕರೆಯುತ್ತಾರೆ, ಹಗರಣವನ್ನಲ್ಲ.

ಸುಗ್ಗಿಗೆ ಇಂದಿನ ದೊಡ್ಡ ಕುತ್ತು ಪ್ಲಾಸ್ಟಿಕ್ ಹೂವು ಎಂದು ಕೆಲವರು ಮರುಗುತ್ತಾರೆ. ಅದು ನನ್ನನ್ನು ಅಷ್ಟಾಗಿ ಕಾಡಿಲ್ಲ. ಬಣ್ಣದ ಕಾಗದವೂ ಒಂದು ದಿನ ಪೇಟೆಯಿಂದಲೇ ಬಂದದ್ದು. ಕಾಡುವುದು ಕಾಲಡಿಯ ನೆಲ. 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ಕಡಲಂಚಿನ ಊರುಗಳು ಎದ್ದುಹೋದವು. ಅಘನಾಶಿನಿ ನದಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳಿಕೊಂಡು ಬೆಳೆಯುತ್ತಿದ್ದ ಕಗ್ಗ ಭತ್ತದ ಜಾಗಕ್ಕೆ ಸಿಗಡಿ ಕೃಷಿ ಬಂತು. ಚತುಷ್ಪಥ ಹೆದ್ದಾರಿಯನ್ನು ತುರಾಯಿ ಹೊತ್ತು ದಾಟುವುದು ಸುಲಭವಲ್ಲ. ಮೇಳಗಳು ದೂರದ ಊರಿಗೆ ವಾಹನ ಹತ್ತುತ್ತವೆ. ಗೋವೆಯಲ್ಲೋ ಬೆಂಗಳೂರಿನಲ್ಲೋ ದುಡಿಯುವ ಹುಡುಗನಿಗೆ ಸುಗ್ಗಿಯ ಅಷ್ಟೂ ದಿನ ರಜೆ ಸಿಗುವುದಿಲ್ಲ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿ ಎಂಬ ಹಾಲಕ್ಕಿಗಳ ಬೇಡಿಕೆಗೆ ದಶಕಗಳಾದವು. ಉತ್ಸವದ ಆಮಂತ್ರಣ ಪತ್ರಿಕೆಯಲ್ಲಿ ಅವರನ್ನು ಬುಡಕಟ್ಟು ಎಂದು ಸಲೀಸಾಗಿ ಅಚ್ಚು ಹಾಕುವ ಸರಕಾರ ಪಟ್ಟಿಯ ವಿಷಯ ಬಂದಾಗ ಸುಮ್ಮನಾಗುತ್ತದೆ.

ಕೊನೆಗೆ ಹೆಣ್ಣಿನ ಪ್ರಶ್ನೆ. ಸುಗ್ಗಿ ಗಂಡಸರ ಕುಣಿತ. ಹೆಂಗಸರು ಆರತಿ ಎತ್ತುತ್ತಾರೆ, ಅಕ್ಕಿ ಕೊಡುತ್ತಾರೆ, ನೋಡುತ್ತಾರೆ. ಆದರೆ ಈ ಸಮುದಾಯದ ಹಾಡಿನ ಭಂಡಾರ ಇರುವುದು ಅವರ ಕೊರಳಲ್ಲಿ. ಬಡಗೇರಿಯ ಸುಕ್ರಿ ಬೊಮ್ಮಗೌಡರು ಅದನ್ನು ನಾಡಿಗೆಲ್ಲ ತೋರಿಸಿಕೊಟ್ಟರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು; 2025ರಲ್ಲಿ ಅವರು ತೀರಿಕೊಂಡರು. ಹಾಡುಗಾರ್ತಿ ಮಾತ್ರವಾಗಿರದೆ ಸಾರಾಯಿಯ ವಿರುದ್ಧ ಕೊಪ್ಪಗಳ ಹೆಂಗಸರನ್ನು ಎಬ್ಬಿಸಿದವರು ಅವರು. ಹಾಲಕ್ಕಿ ಹೆಣ್ಣುಮಕ್ಕಳ ತಾರ್ಲೆ ಕುಣಿತ ಹೊರಗಿನವರ ಕಣ್ಣಿಗೆ ಬಿದ್ದದ್ದರಲ್ಲೂ ಅವರ ಪಾಲು ದೊಡ್ಡದು. ಹೆಂಗಸರಿಗೆ ತಾರ್ಲೆ ಇದೆಯಲ್ಲ, ಸುಗ್ಗಿ ಏಕೆ ಎಂದು ಹಿರಿಯರು ಕೇಳಬಹುದು. ಆ ಮಾತಿನಲ್ಲಿ ತೂಕವಿದೆ, ವ್ರತದ ಕಟ್ಟಳೆಯನ್ನು ಹೊರಗಿನ ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಕೇಳಲೇಬೇಕು. ಉಡದ ಚರ್ಮ ಹೋಗಿ ಆಡಿನ ಚರ್ಮ ಬಂದಾಗ ಸುಗ್ಗಿ ಕೆಡಲಿಲ್ಲ. ಬೆಂಡಿನ ಹೂವಿನ ಜಾಗಕ್ಕೆ ಮಿಂಚುವ ಹಾಳೆ ಬಂದಾಗ, ಒಡೆಯನ ಅಂಗಳ ಒಕ್ಕಲಿನ ಅಂಗಳವಾದಾಗ, ಕಾಲ್ನಡಿಗೆಯ ಒಂದಷ್ಟು ದಾರಿ ವಾಹನದ ಪಾಲಾದಾಗ ಗೌಡರು, ಬುದವಂತರು ಕೂತು ಮಾತಾಡಿ ದಾರಿ ಕಂಡುಕೊಂಡರು. ಸುಗ್ಗಿಯ ಹಾಡನ್ನು ಗಂಡಸರಿಗಿಂತ ಚೆನ್ನಾಗಿ ಬಲ್ಲ ಹೆಣ್ಣುಮಗಳು ಅದೇ ಅಂಗಳದಲ್ಲಿ ಕೋಲು ಹಿಡಿಯಬಹುದೇ ಎಂಬುದೂ ಅದೇ ಕಟ್ಟೆಯ ಮೇಲೆ ಕೂತು ಮಾತಾಡಬಹುದಾದ ವಿಷಯ, ಮತ್ತು ಆ ಮಾತಿನಲ್ಲಿ ಈ ಸಲ ಹೆಂಗಸರೂ ಕೂತಿರಬೇಕು.