ವಿಶಾಖಪಟ್ಟಣದ ಕಾಗದ, ಎಗ್ಮೋರಿನ ಕಪಾಟು

ಇನ್ನೂರು ವರ್ಷಗಳ ಹಿಂದೆ ವಿಶಾಖಪಟ್ಟಣದ ಕಲೆಕ್ಟರು ಮದರಾಸಿನ ರೆವಿನ್ಯೂ ಬೋರ್ಡಿಗೆ ಒಂದು ಕಾಗದ ಬರೆದರೆಂದರೆ, ಅದರ ಒಕ್ಕಣೆ ಮೂರು ಕಡೆ ದಾಖಲಾಗುತ್ತಿತ್ತು. ಜಿಲ್ಲಾ ಕಚೇರಿಯ ರವಾನೆ ಪುಸ್ತಕದಲ್ಲಿ ಒಂದು. ಬೋರ್ಡಿನ ನಡವಳಿ ಸಂಪುಟದಲ್ಲಿ ಇನ್ನೊಂದು. ಆ ನಡವಳಿಯ ನಕಲಾಗಿ ಹಡಗು ಹತ್ತಿ ಲಂಡನ್ನಿಗೆ ಹೋದದ್ದು ಮತ್ತೊಂದು. ಲಂಡನ್ನಿನದು ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಬೋರ್ಡಿನದು ಚೆನ್ನೈನಲ್ಲಿ, ಎಗ್ಮೋರ್ ರೈಲು ನಿಲ್ದಾಣದ ಎದುರಿನ ಕೆಂಪು ಕಟ್ಟಡದಲ್ಲಿದೆ. ಜಿಲ್ಲೆಯಲ್ಲೇ ಉಳಿಯಬೇಕಾಗಿದ್ದ ಹಳೆಯ ಸಂಪುಟಗಳೂ ಒಂದು ಕಾಲಕ್ಕೆ ಮದರಾಸಿಗೆ ಸಾಗಿದವು; ಆಂಧ್ರ ಬೇರೆ ರಾಜ್ಯವಾದ ಮೇಲೆ ಅಂಥವುಗಳಲ್ಲಿ ಹೈದರಾಬಾದಿನ ತಾರ್ನಾಕಕ್ಕೆ ಹೋದವೂ ಉಂಟು. ಆ ತಾರ್ನಾಕವೂ 2014ರಲ್ಲಿ ತೆಲಂಗಾಣದ ಪಾಲಿಗೆ ಬಂತು. ಹೀಗಾಗಿ ಈ ಊರಿನ ಹಳೆಯ ಕಾಗದ ಓದಬೇಕೆನ್ನುವವನು ಮೊದಲು ರೈಲಿನ ಟಿಕೇಟು ತೆಗೆಸಬೇಕು.

ಎಲ್ಲಿಗೆ, ಯಾವುದಕ್ಕಾಗಿ ಎಂದು ತಿಳಿಯದೆ ಟಿಕೇಟು ತೆಗೆಸುವುದು ಹೇಗೆ? ಇದಕ್ಕೆ ಉತ್ತರವಾಗಿ ಮದ್ರಾಸ್ ರೆಕಾರ್ಡ್ ಆಫೀಸು 1930ರ ದಶಕದಲ್ಲಿ ಜಿಲ್ಲಾವಾರು ದಾಖಲೆ ಸೂಚಿಗಳನ್ನು ಅಚ್ಚು ಹಾಕಿಸಿತು. ವಿಶಾಖಪಟ್ಟಣದ್ದು 1769ರಿಂದ 1835ರವರೆಗೆ, ಗೋದಾವರಿಯದು 1770ರಿಂದ, ಮಚಲೀಪಟ್ಟಣದ್ದು 1682ರಿಂದ. ಇಂದಿನ ವಿಜಯವಾಡದ ಸಮಾಚಾರ ಬೇಕಾದವರು ಮಚಲೀಪಟ್ಟಣದ ಸೂಚಿಯನ್ನು ತೆರೆಯಬೇಕು. ವಿಮರ್ಶೆಯ ಪುಟಗಳಿಗೆ ಕಾದಂಬರಿ, ಕವನ ಸಂಕಲನಗಳು ಬರುತ್ತವೆ. ಸೂಚಿಯನ್ನು ಯಾರೂ ವಿಮರ್ಶೆಗೆ ಕಳಿಸುವುದಿಲ್ಲ. ಆದರೂ ಬರಹಗಾರನ ಶ್ರಮವೂ ವಿವೇಚನೆಯೂ ಇಂಥ ಪುಸ್ತಕದಲ್ಲಿ ಕಾದಂಬರಿಗಿಂತ ಕಡಮೆ ಏನೂ ಬೇಕಾಗಿಲ್ಲ. ಸಾವಿರಾರು ಪುಟಗಳ ಕೈಬರಹವನ್ನು ಓದಿ, ವಿಷಯವೇನು, ಸಾರವೇನು, ಯಾವ ಸಂಪುಟ, ಯಾವ ಪುಟ ಎಂದು ಒಂದೆರಡು ಸಾಲಿನಲ್ಲಿ ಇಳಿಸುವುದೆಂದರೆ ಹುಡುಗಾಟವಲ್ಲ. ಇಪ್ಪತ್ತು ವರ್ಷಗಳಿಂದ ಕಡತಗಳಿಗೆ ವಿಷಯದ ಸಾಲು ಬರೆಯುತ್ತ ಬಂದಿರುವ ಕೇಂದ್ರ ಸರಕಾರದ ಗುಮಾಸ್ತನಾಗಿ ಇಷ್ಟು ಹೇಳುವ ಅಧಿಕಾರ ನನಗಿದೆಯೆಂದುಕೊಂಡಿದ್ದೇನೆ.

ಆ ದಶಕದಿಂದ 1950ರ ದಶಕದವರೆಗೆ ಎಗ್ಮೋರಿನ ಕ್ಯೂರೇಟರ್ ಆಗಿದ್ದವರು ಡಾ. ಬಿ. ಎಸ್. ಬಾಳಿಗ. ಬಾಳಿಗ ಎಂಬ ಹೆಸರು ಕೇಳಿದೊಡನೆ ನಮ್ಮ ಕರಾವಳಿಯ ಓದುಗರು ಊರಿನ ದಿಕ್ಕನ್ನು ಗುರುತಿಸಿಯಾರು. ತೆಲುಗರ ಜಿಲ್ಲೆಗಳ ಕಾಗದಪತ್ರಕ್ಕೆ ನಮ್ಮ ಕಡೆಯ ಹೆಸರಿನವರೊಬ್ಬರು ಕಾವಲಾಗಿದ್ದರು. ಇದಕ್ಕೂ ಮೊದಲೇ ತೆಲುಗರು ನಮಗೆ ಇಂಥದೇ ಉಪಕಾರ ಮಾಡಿದ್ದುಂಟು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಕರ್ನಲ್ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆ ಆರಂಭಿಸಿದಾಗ ಅವನಿಗೆ ಬಲಗೈಯಾಗಿದ್ದವರು ವಿಜಯವಾಡದ ಪಕ್ಕದ ಏಲೂರಿನಿಂದ ಬಂದ ಕಾವಲಿ ಸಹೋದರರು: ವೆಂಕಟ ಬೊರ್ರಯ್ಯ ಮತ್ತು ಲಕ್ಷ್ಮಯ್ಯ. ಬೊರ್ರಯ್ಯ 1803ರಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡ. ಊರೂರಿನ ಶಾನುಭೋಗರನ್ನು ಕೇಳಿ ಬರೆಸಿದ ಕನ್ನಡ ಕೈಫಿಯತ್ತುಗಳು ಮೆಕೆಂಜಿಯ ಸಂಗ್ರಹಕ್ಕೆ ಸೇರಿ, ಮುಂದೆ ಮದರಾಸಿನ ಸರಕಾರಿ ಓರಿಯಂಟಲ್ ಹಸ್ತಪ್ರತಿ ಗ್ರಂಥಾಲಯಕ್ಕೆ ಬಂದವು. ಅವುಗಳನ್ನು ಡಾ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಪ್ರಕಟಿಸಿತು. ಮೂಲ ಪ್ರತಿ ಮದರಾಸಿನಿಂದ ಕದಲಲಿಲ್ಲ. ಆದರೆ ಇಂದು ಚಿತ್ರದುರ್ಗದ ಮೇಷ್ಟರೊಬ್ಬರು ತಮ್ಮ ಊರಿನ ಕೈಫಿಯತ್ತನ್ನು ಮನೆಯಲ್ಲೇ ಕುಳಿತು ಓದಬಹುದು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಮತ್ತೆ ಇಲ್ಲಿಗೇ ಬರುತ್ತೇನೆ.

ಇನ್ನು ಸೂಚಿಗಳ ದೋಷ. ಮೊದಲನೆಯದು ಹೆಸರಿನ ಕಾಟ. ಅವು ಇಂಗ್ಲಿಷ್ ಅಧಿಕಾರಿಯ ಕಿವಿಗೆ ಕೇಳಿಸಿದ ಊರುಗಳ ಸೂಚಿಗಳು. ವಿಶಾಖಪಟ್ಟಣ ಅಲ್ಲಿ ವಿಜಗಪಟಂ, ಕಾಕಿನಾಡ ಕೊಕನಾಡ, ವಿಜಯವಾಡ ಬೆಜವಾಡ. ನಮ್ಮ ಬಾರಕೂರು, ಕುಂದಾಪುರಗಳ ಗತಿಯೂ ಇದೇ. ಜಮೀನ್ದಾರರ ಹೆಸರಂತೂ ಪುಟಕ್ಕೊಂದು ಕಾಗುಣಿತ. ಇದು ಹಳೆಯ ಕಾಲದ ಮಾತೆಂದು ನಗುವಂತಿಲ್ಲ. ರಾಷ್ಟ್ರೀಯ ಪತ್ರಾಗಾರವು 2015ರಲ್ಲಿ 'ಅಭಿಲೇಖ್ ಪಟಲ್' ಎಂಬ ಜಾಲತಾಣ ತೆರೆದು, ಲಕ್ಷಗಟ್ಟಲೆ ಕಾಗದಗಳ ಛಾಯಾಪ್ರತಿಯನ್ನು ಮನೆಯಿಂದಲೇ ನೋಡುವ ಅನುಕೂಲ ಮಾಡಿಕೊಟ್ಟಿದೆ, ದೊಡ್ಡ ಕೆಲಸ. ಆದರೆ ಅಲ್ಲಿಯೂ ಹಳೆಯ ಗುಮಾಸ್ತ ಬರೆದ ವಿಷಯದ ಸಾಲನ್ನೇ ಯಂತ್ರ ಹುಡುಕುತ್ತದೆ. ವಿಜಯವಾಡ ಎಂದು ಕೇಳಿದವನಿಗೆ ನೂರು ವರ್ಷದ ಹಿಂದಿನದು ಸಿಗುವುದು ದುರ್ಲಭ, ಬೆಜವಾಡ ಎನ್ನಬೇಕು. ಕಾಲೇಜು ಹುಡುಗರು ಹತ್ತು ನಿಮಿಷ ಹುಡುಕಿ 'ಏನೂ ಇಲ್ಲ' ಎಂದು ಎದ್ದುಹೋಗುವುದಕ್ಕೆ ಇದೇ ಕಾರಣ.

ಎರಡನೆಯ ದೋಷ ಇದಕ್ಕಿಂತ ಆಳದ್ದು. ಕಾಗದ ಬರೆದವನ ಚಿಂತೆ ಏನಿತ್ತೋ ಅದೇ ಸೂಚಿಯ ಚಿಂತೆಯೂ ಆಗಿದೆ. 1794ರ ಪದ್ಮನಾಭಂ ಕಾಳಗದಲ್ಲಿ ವಿಜಯನಗರಂ ರಾಜ ವಿಜಯರಾಮರಾಜು ಮಡಿದದ್ದು, 1802ರ ಶಾಶ್ವತ ಜಮಾಬಂದಿ, ಬಾಕಿ, ಪೇಷ್ಕಷ್, ಉಪ್ಪು — ಇವುಗಳ ಜಾಡು ಹಿಡಿಯುವವನಿಗೆ ದಾರಿ ಸಲೀಸು. ಬೇರೆ ಸೀಮೆಯಿಂದ ಹೊಟ್ಟೆಪಾಡಿಗೆ ಬಂದು ಬಂದರಿನಲ್ಲಿ ನೆಲೆನಿಂತ ಸಾಮಾನ್ಯನ ಜಾಡು ಹಿಡಿಯಲು ಅಲ್ಲಿ ಬಾಗಿಲೇ ಇಲ್ಲ. ಅವನು ಯಾರದೋ ಅರ್ಜಿಯ ನಡುವೆ ಅರ್ಧ ಸಾಲಾಗಿ ಇದ್ದಾನು. ಅರ್ಧ ಸಾಲಿಗೆ ಸೂಚಿಯಲ್ಲಿ ಜಾಗವಿಲ್ಲ. ಮೂರನೆಯದನ್ನು ದೋಷವೆನ್ನಲಾಗದು: ಅವು 1835ಕ್ಕೆ ನಿಂತುಬಿಡುತ್ತವೆ. ಆಮೇಲಿನದಕ್ಕೆ ಸರಕಾರಿ ಆಜ್ಞೆಯ ಸಂಖ್ಯೆ, ತಾರೀಖು ಮೊದಲೇ ಗೊತ್ತಿದ್ದವನೇ ಜಾಣ.

ಇದರಿಂದ ನಮಗೇನು ಎಂದು ಕೇಳುವವರಿದ್ದಾರೆ. ನಮ್ಮ ಸಂಘದಲ್ಲಿ ಉಡುಪಿ, ಕುಂದಾಪುರ, ಮಂಗಳೂರಿನ ಕಡೆಯವರೇ ಹೆಚ್ಚು, ಬಳ್ಳಾರಿಯವರೂ ಇದ್ದಾರೆ. ಬಳ್ಳಾರಿ 1953ರವರೆಗೆ, ದಕ್ಷಿಣ ಕನ್ನಡ 1956ರವರೆಗೆ ಮದರಾಸಿಗೆ ಸೇರಿದ್ದವು. 1799ರಲ್ಲಿ ಕೆನರಾದ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ನಮ್ಮ ಹಿರಿಯರ ಗೇಣಿ, ಕಂದಾಯಗಳ ಬಗ್ಗೆ ಬರೆದ ಪತ್ರಗಳೂ, ವಿಶಾಖಪಟ್ಟಣದ ಕಲೆಕ್ಟರನ ಪತ್ರಗಳೂ ಅದೇ ಬೋರ್ಡಿನ ನಡವಳಿಗಳಲ್ಲಿ, ಅದೇ ಎಗ್ಮೋರಿನ ಕಪಾಟುಗಳಲ್ಲಿವೆ. ಬಿಟ್ಟು ಬಂದ ಊರು, ಬಂದು ಸೇರಿದ ಊರು, ಎರಡರ ಕಾಗದವನ್ನೂ ಒಂದೇ ಮೇಜಿನ ಮೇಲೆ ಬಿಡಿಸಬಹುದಾದ ಸ್ಥಳ ಅದು.

ಹಾಗೆಂದು ಇಲ್ಲಿ ಏನೂ ಇಲ್ಲವೆಂದಲ್ಲ. 1926ರಲ್ಲಿ ಬೆಜವಾಡದಲ್ಲಿ ಹುಟ್ಟಿ 1930ರಲ್ಲಿ ವಾಲ್ಟೇರಿಗೆ ಬಂದ ಆಂಧ್ರ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ತಾಳೆಗರಿಗಳೂ ಹಳೆಯ ಗೆಜೆಟಿಯರುಗಳೂ ಇವೆ. ಅದರ ಮೊದಲ ಕುಲಪತಿ ಸಿ. ಆರ್. ರೆಡ್ಡಿಯವರು ಅದಕ್ಕೆ ಮುಂಚೆ ಮೈಸೂರಿನ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದವರು. ವಿಜಯವಾಡದಲ್ಲಿ 1911ರಷ್ಟು ಹಳೆಯ ರಾಮಮೋಹನ ಗ್ರಂಥಾಲಯವಿದೆ. ಅಯ್ಯಂಕಿ ವೆಂಕಟರಮಣಯ್ಯನವರ ಗ್ರಂಥಾಲಯ ಚಳವಳಿ ಬೇರೂರಿದ್ದು ಅಲ್ಲಿ. ಸರಕಾರ ಬರೆದಿಡದ ಊರ ಸುದ್ದಿಗೆ ಇಂಥ ವಾಚನಾಲಯದ ಹಳೆಯ ಪತ್ರಿಕೆಗಳೇ ಗತಿ. ಇನ್ನು ಸಿಂಹಾಚಲದ ಗೋಡೆ, ಕಂಬಗಳಂತೂ ಸ್ವತಃ ಪತ್ರಾಗಾರ. ಕೃಷ್ಣದೇವರಾಯ 1516ರಲ್ಲಿ ಬಂದು ಒಡವೆ ಅರ್ಪಿಸಿದ ಶಾಸನ ಇರುವುದು ಅಲ್ಲೇ. ಆ ಬೆಟ್ಟದ ಶಾಸನಗಳು ಅಚ್ಚಾದ 'ದಕ್ಷಿಣ ಭಾರತೀಯ ಶಾಸನಗಳು' ಮಾಲೆಗೆ ದುಡಿದವರಲ್ಲಿ ನಮ್ಮ ಹೊಸಕೋಟೆಯ ಎಚ್. ಕೃಷ್ಣಶಾಸ್ತ್ರಿಗಳೊಬ್ಬರು. ಶಾಸನ ಶಾಖೆಯ ಕಚೇರಿ 1966ರಲ್ಲಿ ಊಟಿಯಿಂದ ಮೈಸೂರಿಗೆ ಬಂತು. ಕಲ್ಲಿನ ಮೇಲೆ ಕಾಗದವೊತ್ತಿ ತೆಗೆದ ಮಸಿಯ ಪಡಿಯಚ್ಚುಗಳೂ ಜೊತೆಗೆ ಬಂದವು. ಕಲ್ಲು ಇಲ್ಲಿ, ಅಚ್ಚು ಮೈಸೂರಿನಲ್ಲಿ.

ಯಾರ ಕಾಗದ ಯಾರ ಊರಲ್ಲಿರಬೇಕು ಎಂಬ ಜಗಳ ಸಣ್ಣದಲ್ಲ. ತಮಿಳು ಶಾಸನಗಳ ಪಡಿಯಚ್ಚುಗಳನ್ನು ಮೈಸೂರಿನಿಂದ ಚೆನ್ನೈಗೆ ಸಾಗಿಸಬೇಕೆಂದು ಮದ್ರಾಸ್ ಹೈಕೋರ್ಟು 2021ರಲ್ಲಿ ಆದೇಶಿಸಿತು. ಇಲ್ಲಿಯ ಮಿತ್ರರೂ ತಮ್ಮ ಜಿಲ್ಲೆಯ ದಾಖಲೆ ತಮಗೆ ಮರಳಿ ಬರಬೇಕೆನ್ನುತ್ತಾರೆ. ಅಭಿಮಾನ ಸಹಜ. ಆದರೆ ನಾನು ಒಪ್ಪಲಾರೆ. ಬಿ.ಎಸ್‌ಸಿ.ಯಲ್ಲಿ ರಸಾಯನಶಾಸ್ತ್ರ ಓದಿದ ಋಣಕ್ಕೆ ಕಾರಣ ಹೇಳುತ್ತೇನೆ. 1800ರ ಸುಮಾರಿನ ಕಾಗದ ಬಟ್ಟೆಯ ಚಿಂದಿಯಿಂದ ಮಾಡಿದ್ದು, ನಾರು ಉದ್ದ, ಗಟ್ಟಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಂದದ್ದು ಮರದ ತಿರುಳಿನ ಕಾಗದ. ಮಸಿ ಹರಡದಿರಲು ಅದಕ್ಕೆ ಪಟಿಕ ಮತ್ತು ರಾಳ ಸೇರಿಸುತ್ತಿದ್ದರು. ಗಾಳಿಯ ತೇವದಲ್ಲಿ ಪಟಿಕ ಆಮ್ಲವಾಗಿ ನಾರನ್ನು ತುಂಡರಿಸುತ್ತದೆ. ಮುತ್ತಾತನ ಕಾಗದಕ್ಕಿಂತ ತಾತನ ಕಾಗದ ಬೇಗ ಪುಡಿಯಾಗುವುದರ ಗುಟ್ಟು ಇದು. ಹಳೆಯ ಮಸಿಯಲ್ಲಿದ್ದ ಕಬ್ಬಿಣದ ಲವಣವೂ ಆಮ್ಲೀಯವೇ. ಅಕ್ಷರವಿದ್ದ ಕಡೆ ತೂತು ಬೀಳುತ್ತದೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಓ. ಪಿ. ಗೋಯಲ್ ಅವರು ಇಂಥ ಹಾಳೆಗಳಿಗೆ ಅಸಿಟೇಟ್ ಪೊರೆ, ತೆಳು ಟಿಶ್ಯೂ ಹಾಗೂ ಅಸಿಟೋನಿನಿಂದ ಕೈಯಲ್ಲೇ ಕವಚ ಹಾಕುವ ವಿಧಾನ ರೂಪಿಸಿದರು. ಯಂತ್ರ ಬೇಡ, ನುರಿತ ಕೈ ಬೇಕು. ಸಮುದ್ರದ ತೇವ ಸದಾ ಆಡುವ ಊರಿನಲ್ಲಿ ಅಂಥ ಕೈಗಳೂ ತಣ್ಣನೆಯ ಒಣ ಕೋಣೆಯೂ ಇಲ್ಲದೆ ಕಾಗದ ತರಿಸಿದರೆ ಗೆದ್ದಲಿಗೆ ಊಟ ಹಾಕಿದಂತೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಈ ಊರಿನ ಕಿಟಕಿ, ಬಾಗಿಲುಗಳನ್ನು ಏನು ಮಾಡಿತೆಂಬುದು ಇಲ್ಲಿದ್ದವರಿಗೆ ಗೊತ್ತು. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಮನೆಗಳಿಗೆ ನುಗ್ಗಿದಾಗ ಪಾಸ್‌ಪುಸ್ತಕ, ಮಾರ್ಕ್ಸ್ ಕಾರ್ಡುಗಳನ್ನು ಬಿಸಿಲಿಗೆ ಹರವಿದ ನಮ್ಮವರೂ ಇದ್ದಾರೆ.

ಕಾಗದ ಇರುವಲ್ಲಿಯೇ ಇರಲಿ. ಸೂಚಿ ಇಲ್ಲಿಗೆ ಬರಲಿ. ಆ ಜಿಲ್ಲಾ ಸೂಚಿಗಳನ್ನು ತೆಲುಗಿನಲ್ಲಿ, ಇಂದಿನ ಊರ ಹೆಸರುಗಳೊಂದಿಗೆ, ಯಾವ ಸಂಪುಟ ಈಗ ಯಾವ ನಗರದಲ್ಲಿದೆಯೆಂಬ ಗುರುತಿನೊಂದಿಗೆ ಮತ್ತೆ ಅಚ್ಚುಹಾಕಿ ಜಿಲ್ಲಾ ಗ್ರಂಥಾಲಯದಲ್ಲಿಟ್ಟರೆ ಸಂಶೋಧಕನ ಅರ್ಧ ದಾರಿ ಸವೆಯಿತು. ದಕ್ಷಿಣ ಕನ್ನಡಕ್ಕೂ ಕನ್ನಡದಲ್ಲಿ ಇಂಥದೊಂದು ಬೇಕು. ಕೈಫಿಯತ್ತುಗಳ ವಿಷಯದಲ್ಲಿ ಹಂಪಿಯವರು ಮಾಡಿದ್ದು ಇದನ್ನೇ ತಾನೇ?

ಸೂಚಿ ಇಲ್ಲದಿದ್ದರೆ ಏನಾಗುತ್ತದೆಂದು ನಾನು ಕಣ್ಣಾರೆ ಕಂಡೆ. ಕುಂದಾಪುರದ ಕಡೆಯ ಹಿರಿಯರೊಬ್ಬರ ತಂದೆ 1950ರ ದಶಕದಲ್ಲಿ ಈ ಸೀಮೆಯ ಒಂದು ಊರಿನಲ್ಲಿ ಹೋಟೆಲು ತೆರೆದಿದ್ದರು. ಪಾಲುಪಟ್ಟಿಯ ವ್ಯಾಜ್ಯದಲ್ಲಿ ಮೊದಲ ಲೈಸೆನ್ಸು ಯಾರ ಹೆಸರಿನಲ್ಲಿತ್ತೆಂಬ ಪ್ರಶ್ನೆ ಬಂತು. ಅವರ ಜೊತೆ ಒಂದು ಕಚೇರಿಯ ದಾಖಲೆ ಕೋಣೆಗೆ ಮೂರು ಸಲ ಹೋದೆ. 'ಲೇದಂಡಿ' ಎಂಬುದೊಂದೇ ಉತ್ತರ. ನಾಲ್ಕನೆಯ ಸಲ ಆಚೆ ನಿಂತಿದ್ದ ಮುದಿ ಅಟೆಂಡರು ನಮ್ಮ ಮಾತು ಕೇಳಿ, ಒಳಗೆ ಹೋಗಿ, ಕೆಂಪು ಬಟ್ಟೆಯ ಗಂಟೊಂದನ್ನು ಹೊತ್ತು ತಂದು ಧೂಳು ಕೊಡವಿ ಬಿಚ್ಚಿದ. ಏಳನೆಯ ಹಾಳೆಯಲ್ಲಿ ತಂದೆಯ ಹೆಸರಿತ್ತು. ಹಿರಿಯರು ಆ ಸಹಿಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನಿದ್ದರು. 'ಅಪ್ಪಯ್ಯ ಕನ್ನಡದಲ್ಲೇ ಸಹಿ ಹಾಕಿದ್ರು ಕಾಣಿ' ಎಂದಷ್ಟೇ ಹೇಳಿದರು. ಆ ಅಟೆಂಡರು ಮರುವರ್ಷ ನಿವೃತ್ತನಾದ. ಕೋಣೆಯ ಸೂಚಿಯೆಲ್ಲ ಅವನ ತಲೆಯಲ್ಲಿತ್ತು.

ಕಾನೂನು ಇಲ್ಲವೇ ಎಂದರೆ, ಇದೆ. 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮದಂತೆ ಕೇಂದ್ರ ಸರಕಾರದ ಪ್ರತಿ ಕಚೇರಿಗೂ ಒಬ್ಬ ದಾಖಲೆ ಅಧಿಕಾರಿ ಇರಬೇಕು. 1892ಕ್ಕಿಂತ ಹಿಂದಿನ ಯಾವ ದಾಖಲೆಯನ್ನೂ, ಅದು ಉಪಯೋಗಕ್ಕೆ ಬಾರದಷ್ಟು ಕೆಟ್ಟಿದ್ದ ಹೊರತು, ನಾಶಮಾಡುವಂತಿಲ್ಲ. ನಿಯಮ ಮೀರಿ ನಾಶಮಾಡಿದರೆ ಐದು ವರ್ಷದವರೆಗೆ ಸಜೆ. ಸರಿ, ಆದರೆ 1892ರ ಈಚಿನದು? ನಮ್ಮ ಕಚೇರಿಗಳಲ್ಲಿ ಕಡತಗಳಿಗೆ ಮೂರು ದರ್ಜೆ. ಮೊದಲೆರಡು ಶಾಶ್ವತ. ಮೂರನೆಯದು, 'ಸಿ' ದರ್ಜೆ, ಹತ್ತು ವರ್ಷ ಮೀರದಂತೆ ಇಟ್ಟು ಕಳೆಯತಕ್ಕದ್ದು. ವಾರ್ಷಿಕ ಪಟ್ಟಿ ತಯಾರಿಸಿ ಗಂಟು ಕಟ್ಟಿಸುವವರು ನಮ್ಮಂಥವರೇ. ರಜೆ, ಪ್ರಯಾಣ ಭತ್ಯೆ, ಮಗುವಿನ ಶಾಲೆಗಾಗಿ ವರ್ಗಾವಣೆ ಬೇಡಿದ ಅರ್ಜಿ — ಪರಊರಿಗೆ ಬಂದವನ ಬಾಳು ಕಾಗದದ ಮೇಲೆ ಬೀಳುವುದು ಇಂಥ ಕಡೆಯೇ. ಅವೆಲ್ಲ ಗಂಟಿಗೆ ಹೋಗುತ್ತವೆ. ಹೋಗದೆ ಇಟ್ಟುಕೊಳ್ಳಲು ಜಾಗವೂ ಇಲ್ಲ. ನಿಯಮವನ್ನು ನಾನು ದೂರುವುದಿಲ್ಲ. ವಿಶಾಖಪಟ್ಟಣದ ಕನ್ನಡಿಗರು ಯಾರು, ಯಾವಾಗ ಬಂದರು ಎಂದು 2100ರಲ್ಲಿ ಕೇಳುವವನಿಗೆ ಸರಕಾರದ ಕಪಾಟಿನಲ್ಲಿ ಹೆಚ್ಚೇನೂ ಸಿಕ್ಕದು.

ಅವನಿಗೆ ಸಿಕ್ಕಬಹುದಾದದ್ದು ನಮ್ಮ ಸಂಘದ ಕಪಾಟಿನಲ್ಲಿದೆ: ನಡವಳಿ ಪುಸ್ತಕಗಳು, ಸದಸ್ಯತ್ವದ ರಸೀದಿಗಳು, ರಾಜ್ಯೋತ್ಸವದ ಕರೆಯೋಲೆಗಳು, ಈ ಪತ್ರಿಕೆಯ ಹಳೆಯ ಸಂಚಿಕೆಗಳು. ಬಳಪದಿಂದ ಬರೆಯುತ್ತಿದ್ದ, ಹುಣಿಸೆಬೀಜದ ಅಂಟು ಮತ್ತು ಇದ್ದಿಲು ಬಳಿದ ಬಟ್ಟೆಯ ಪುಸ್ತಕಕ್ಕೆ ನಮ್ಮ ಹಿರಿಯರು ಕಡತವೆನ್ನುತ್ತಿದ್ದರು. ಶೃಂಗೇರಿ ಮಠದಲ್ಲಿ ಅಂಥವು ಇಂದಿಗೂ ಇವೆ. ನಮಗೆ ಅಷ್ಟು ಬೇಡ. ಇನ್ನೂರು ಪುಟದ ಒಂದು ರೂಲು ಪುಸ್ತಕ, ನಾಲ್ಕು ಅಂಕಣ: ಕ್ರಮಸಂಖ್ಯೆ, ತಾರೀಖು, ವಿಷಯ, ಯಾವ ಕಪಾಟು. ಇಬ್ಬರು ನಾಲ್ಕು ಭಾನುವಾರ ಕುಳಿತರೆ ಮುಗಿಯುವ ಕೆಲಸ. ಪತ್ರಾಗಾರಗಳ ವಾಚನ ಕೊಠಡಿಯಲ್ಲಿ ಪೆನ್ನು ಬಿಚ್ಚಲು ಬಿಡುವುದಿಲ್ಲ. ಮಸಿ ಚೆಲ್ಲೀತೆಂದು ಪೆನ್ಸಿಲು ಮಾತ್ರ. ನಾವೂ ಆ ಪದ್ಧತಿಯನ್ನೇ ಇಟ್ಟುಕೊಳ್ಳೋಣ. ಬರುವವರು ಕಾರ್ಯದರ್ಶಿಗಳಿಗೆ ತಿಳಿಸಲಿ. ಪೆನ್ಸಿಲುಗಳನ್ನು ನಾನು ತರುತ್ತೇನೆ.