ಬೇಕಂತ ಮಾಡಿದ್ದಲ್ಲ ಮಾರಾಯ

ನೆಟ್ಟಣದಲ್ಲಿ ನಾವು ಅಂಡರ್‌ಆರ್ಮ್ ಕ್ರಿಕೆಟ್ ಆಡುವಾಗ ಹೆಚ್ಚಿನ ಜಗಳ ಶುರುವಾಗುತ್ತಿದ್ದದ್ದು ಒಂದೇ ಮಾತಿಗೆ. ರನ್ ಓಡುವವನ ದಾರಿಗೆ ಫೀಲ್ಡರ್ ಅಡ್ಡ ಬಂದ, ಇಬ್ಬರೂ ಬಿದ್ದರು, ಅಷ್ಟರಲ್ಲಿ ಸ್ಟಂಪ್ ಹಾರಿತು. "ಅಡ್ಡ ಬಂದದ್ದು ಎಂಥಕ್ಕೆ?" "ಬೇಕಂತ ಮಾಡಿದ್ದಲ್ಲ ಮಾರಾಯ!" ಮನಸ್ಸಿನೊಳಗೆ ಇಣುಕಿ ನೋಡಲು ಅಂಪೈರ್‌ಗೂ ಆಗುವುದಿಲ್ಲವಲ್ಲ.

ಕ್ರಿಕೆಟ್‌ನ 41.5ನೇ ನಿಯಮದ ಗತಿಯೂ ಇಷ್ಟೇ. ಫೀಲ್ಡರ್ "ಉದ್ದೇಶಪೂರ್ವಕವಾಗಿ" ತಡೆದರೆ ಮಾತ್ರ ಬ್ಯಾಟಿಂಗ್ ಟೀಮಿಗೆ 5 ಪೆನಾಲ್ಟಿ ರನ್. ಉದ್ದೇಶ ಇಲ್ಲದಿದ್ದರೆ? 2008ರಲ್ಲಿ ಓವಲ್‌ನಲ್ಲಿ ಬಾಲ್ ಹಿಡಿಯಲು ಓಡಿದ ಸೈಡ್‌ಬಾಟಮ್ ನ್ಯೂಜಿಲೆಂಡಿನ ಗ್ರಾಂಟ್ ಎಲಿಯಟ್‌ಗೆ ಡಿಕ್ಕಿ ಹೊಡೆದರು. ಎಲಿಯಟ್ ನೆಲದ ಮೇಲಿದ್ದಾಗಲೇ ರನ್ ಔಟ್. ಅಂಪೈರ್ ಕೇಳಿದರೂ ಕ್ಯಾಪ್ಟನ್ ಕಾಲಿಂಗ್‌ವುಡ್ ಅಪೀಲ್ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಕ್ಷಮೆ ಕೇಳಿದರು. ನ್ಯಾಯ ಅನ್ನುವುದು ಕ್ಯಾಪ್ಟನ್‌ನ ದೊಡ್ಡ ಮನಸ್ಸಿಗೆ ಬಿಟ್ಟ ವಿಷಯವಾಯಿತು.

ಬೇಸ್‌ಬಾಲ್ ಕೇಳುವ ಪ್ರಶ್ನೆಯೇ ಬೇರೆ: ಆ ದಾರಿ ಯಾರದ್ದು? ಹೊಡೆದ ಬಾಲ್ ಹಿಡಿಯಲು ಹೋಗುವವನಿಗೆ ಓಡುವವನೇ ದಾರಿ ಬಿಡಬೇಕು. ಆದರೆ ಕೈಯಲ್ಲಿ ಬಾಲ್ ಇಲ್ಲ, ಹಿಡಿಯುವ ಕೆಲಸವೂ ಮುಗಿದಿದೆ ಅಂದರೆ ದಾರಿ ಓಡುವವನದ್ದು. 2013ರ ವರ್ಲ್ಡ್ ಸೀರೀಸ್‌ನ ಮೂರನೇ ಪಂದ್ಯದಲ್ಲಿ ಎಸೆದ ಬಾಲ್‌ಗೆ ಹಾರಿ ತಪ್ಪಿಸಿಕೊಂಡ ರೆಡ್ ಸಾಕ್ಸ್‌ನ ಮಿಡ್ಲ್‌ಬ್ರೂಕ್ಸ್ ನೆಲದ ಮೇಲೆ ಬಿದ್ದಿದ್ದರು. ಅವರನ್ನು ಎಡವಿದ ಅಲೆನ್ ಕ್ರೇಗ್ ಹೋಮ್ ತಲುಪುವುದು ತಡವಾಯಿತು. ಅಂಪೈರ್ ಜಿಮ್ ಜಾಯ್ಸ್ ಅಬ್ಸ್‌ಟ್ರಕ್ಷನ್ ಕೊಟ್ಟರು, ಕಾರ್ಡಿನಲ್ಸ್ 5-4ರಲ್ಲಿ ಗೆದ್ದಿತು. ಮಿಡ್ಲ್‌ಬ್ರೂಕ್ಸ್ ಬೇಕಂತ ಬಿದ್ದಿರಲಿಲ್ಲ. ಆದರೆ ಅಲ್ಲಿ ಅದು ಲೆಕ್ಕಕ್ಕೇ ಇಲ್ಲ.

ಪಾಪದ ಮನುಷ್ಯನಿಗೆ ಅನ್ಯಾಯ ಅಂತ ಮೊದಲು ನನಗೂ ಅನ್ನಿಸಿತ್ತು. ಯೋಚಿಸಿದರೆ ಅದು ಶಿಕ್ಷೆಯೇ ಅಲ್ಲ. ತಡೆ ಇಲ್ಲದಿದ್ದರೆ ಓಡುವವನು ಎಲ್ಲಿಗೆ ತಲುಪುತ್ತಿದ್ದನೋ ಅಲ್ಲಿಗೆ ಅವನನ್ನು ಮುಟ್ಟಿಸುವುದು, ಅಷ್ಟೇ. ಕ್ರಿಕೆಟ್‌ನಲ್ಲಿ ಇರುವುದು ಶಿಕ್ಷೆ ಮಾತ್ರ. ಶಿಕ್ಷೆ ಕೊಡಲು ತಪ್ಪಿತಸ್ಥ ಬೇಕು, ಅದಕ್ಕೇ ಮನಸ್ಸು ಓದುವ ಕಷ್ಟ. ತಪ್ಪಿತಸ್ಥ ಸಿಗದಿದ್ದರೆ ಬಿದ್ದವನು ಬಿದ್ದ ಹಾಗೆಯೇ.

ನಮ್ಮ ಊರಿನ ಆಟದಲ್ಲಿ ಅರ್ಧ ಗಂಟೆ ಗಲಾಟೆ ಆದ ಮೇಲೆ ಯಾರೋ ಒಬ್ಬ ಹೇಳುತ್ತಿದ್ದ: "ಬಿಡಿ, ಆ ಬಾಲ್ ಪುನಃ ಹಾಕುವ." ಯಾರದ್ದೂ ತಪ್ಪಿಲ್ಲ, ಯಾರಿಗೂ ನಷ್ಟವಿಲ್ಲ. ಆ ಸಾಲು ಕ್ರಿಕೆಟ್‌ನ ನಿಯಮದ ಪುಸ್ತಕದಲ್ಲೂ ಇರಬೇಕಿತ್ತು.