ಇಂಜಿನ್ನಿನ ಬಿಸಿ ಬಲ್ಲ ಕೈ

ಹೂವಿನಹಡಗಲಿ, ಹರಪನಹಳ್ಳಿ ಕಡೆ ತುಂಗಭದ್ರೆಯ ದಂಡೆಯ ಹೊಲಗಳಿಗೆ ನೀರೆತ್ತುವ ಒಂಟಿ ಸಿಲಿಂಡರಿನ ಹಳೆಯ ಡೀಸೆಲ್ ಇಂಜಿನ್ನುಗಳಿಗೆ ಸಾಮಾನ್ಯವಾಗಿ ರೇಡಿಯೇಟರ್ ಇರುವುದಿಲ್ಲ. ಪಂಪು ಎತ್ತಿದ ನೀರಿನದೇ ಒಂದು ಪಾಲು ಸಣ್ಣ ಪೈಪಿನಲ್ಲಿ ಬಂದು, ಸಿಲಿಂಡರಿನ ಸುತ್ತಲಿನ ಜಾಕೆಟ್ಟನ್ನು ಕೆಳಗಿನಿಂದ ಹೊಕ್ಕು, ಹೆಡ್ಡಿನ ಮೇಲಿಂದ ಹೊರಬಿದ್ದು ಕಾಲುವೆ ಸೇರುತ್ತದೆ. ಮಲ್ಪೆಯ ನಾಡದೋಣಿಗಳ ಔಟ್‌ಬೋರ್ಡ್ ಮೋಟರಿನಿಂದ ಚಿಮ್ಮುವ ನೀರಿನೆಳೆಯಂತೆ ಇದೂ ಇಂಜಿನ್ನಿನ ಒಳಗುಟ್ಟನ್ನು ಬಿಟ್ಟುಕೊಡುತ್ತದೆ.

ನುರಿತ ಮೆಕ್ಯಾನಿಕ್ ಪಾನಾ ಹಿಡಿಯುವ ಮೊದಲು ಆ ನೀರಿಗೆ ಕೈಯೊಡ್ಡುತ್ತಾನೆ. ಧಾರೆ ಸಣ್ಣಗಾಗಿದ್ದರೆ ಫುಟ್‌ವಾಲ್ವಿನ ಜಾಲರಿಗೆ ಕಸ ಕಟ್ಟಿರಬಹುದು, ಸಣ್ಣ ಪೈಪು ಮುಚ್ಚಿರಬಹುದು. ಧಾರೆಯಲ್ಲಿ ಬಿಡದೆ ಗುಳ್ಳೆ ಬರುತ್ತಿದ್ದರೆ, ಪಂಪು ಗಾಳಿ ಎಳೆಯುತ್ತಿಲ್ಲವೆಂದು ಖಾತ್ರಿಯಾದ ಮೇಲೆ, ಅನುಮಾನ ಹೆಡ್ ಗ್ಯಾಸ್ಕೆಟ್ಟಿನ ಮೇಲೆ. ಸಿಲಿಂಡರಿನ ಬುಡ ತಣ್ಣಗಿದ್ದು ಹೆಡ್ ಮಾತ್ರ ಸುಡುತ್ತಿದ್ದರೆ ಎರಡರ ನಡುವಿನ ನೀರಿನ ತೂತುಗಳು ಕಟ್ಟಿವೆ. ಮಳೆಗಾಲದ ಹೊಳೆನೀರು ಜಾಕೆಟ್ಟಿನೊಳಗೆ ಹೂಳು ಬಿಡುತ್ತದೆ. ಬೋರಿನ ಗಡಸು ನೀರು ಸುಣ್ಣದ ಹೊಪ್ಪಳೆ ಕಟ್ಟಿಸುತ್ತದೆ. ಈ ಹೊಪ್ಪಳೆ ತೆಳ್ಳಗಿದ್ದರೂ ಶಾಖವನ್ನು ಲೋಹದಲ್ಲೇ ತಡೆಹಿಡಿಯುತ್ತದೆ. ಆಗ ಹೆಡ್ ಬಿಚ್ಚಿ, ತಂತಿಯಿಂದ ತೂತು ಕೆದಕಿ, ಮೇಲಿನಿಂದ ಉಲ್ಟಾ ನೀರು ಹಾಯಿಸಬೇಕು. ಕಾದ ಹೆಡ್ಡಿಗೆ ತಣ್ಣೀರು ಸುರಿಯುವುದು ಮಾತ್ರ ಖಂಡಿತ ಸಲ್ಲದು, ಬೀಡುಕಬ್ಬಿಣ ಬಿರುಕು ಬಿಡಬಹುದು.

ಅತಿ ತಂಪೂ ಕೆಡುಕೇ: ಡೀಸೆಲ್ ಪೂರ್ತಿ ಉರಿಯದೆ ಸಿಲಿಂಡರಿನ ಒಳಗಿನ ಲೈನರ್ ಬೇಗ ಸವೆಯುತ್ತದೆ. ಹಾಗಾಗಿ ಕೊನೆಗೆ ನೀರಿನ ಕಾಕ್ ಅನ್ನು ತುಸುತುಸುವೇ ತಿರುಗಿಸಿ, ಹೊರಬೀಳುವ ನೀರು ಕೈಗೆ ಚೆನ್ನಾಗಿ ಬಿಸಿ ತಾಗುವಲ್ಲಿಗೆ ನಿಲ್ಲಿಸುತ್ತಾರೆ.